ಇಡುಗಂಟಿನ ರಾಜ್ಯ: ಬಾಲರಾಜರು ಮತ್ತು ಅವರ ಹೆಸರಿನಲ್ಲಿ ಆಳಿದವರು



ಆದವಾನಿ ನವಾಬನ ಹೆಸರು ಕೇಳದವರು ನಮ್ಮ ಆಲೂರು, ಆದವಾನಿ ಸೀಮೆಯಲ್ಲಿಲ್ಲ. ರಾಯರ ಕಥೆಯಲ್ಲಿ ಅವನು ಬಂದೇ ಬರುತ್ತಾನೆ. ತುಂಗಭದ್ರೆಯ ದಂಡೆಯ ಮಂಚಾಲೆ ಗ್ರಾಮವನ್ನು ರಾಘವೇಂದ್ರ ತೀರ್ಥರಿಗೆ ಬಿಟ್ಟುಕೊಟ್ಟವನೆಂದು ಸಂಪ್ರದಾಯ ನೆನೆಯುವ ಸಿದ್ದಿ ಮಸೂದ್ ಖಾನನೇ ಅವನು. ರಾಯರು ವೃಂದಾವನಸ್ಥರಾದದ್ದು 1671ರಲ್ಲಿ. ಮರುವರ್ಷ ಬಿಜಾಪುರದ ಸುಲ್ತಾನ ಎರಡನೇ ಅಲಿ ಆದಿಲ್‌ಷಾ ತೀರಿಕೊಂಡ. ಅವನ ಮಗ ಸಿಕಂದರ್ ಪಟ್ಟಕ್ಕೆ ಬಂದಾಗ ಆ ಮಗುವಿಗೆ ಸುಮಾರು 4 ವರ್ಷ. ಪಟ್ಟವಾಗಿ ಆರು ವರ್ಷ ತುಂಬುವ ಮೊದಲೇ ನಮ್ಮ ಆದವಾನಿಯ ಒಡೆಯ ಬಿಜಾಪುರಕ್ಕೆ ಹೋಗಿ, ಆ ಹುಡುಗನ ಪರವಾಗಿ ಇಡೀ ರಾಜ್ಯವನ್ನು ಆಳುವವನಾದ. ಭೂಮಿ ಕೊಟ್ಟ ದಾನಿಯೆಂದು ನಾವು ಅವನನ್ನು ಬಲ್ಲೆವು. ಬಾಲರಾಜನೊಬ್ಬನ ಪಾಲಕನಾಗಿ ಅವನು ಏನು ಮಾಡಿದ, ಏನು ಮಾಡಲಾರದೆ ಹೋದ ಎಂಬುದನ್ನು ನಾವು ಅಷ್ಟಾಗಿ ಕೇಳಿಲ್ಲ.

ಇಂದಿನ ಉಪನ್ಯಾಸದ ವಿಷಯ ಅಲ್ಲಿಂದ ಹುಟ್ಟುತ್ತದೆ. ಮಗು ರಾಜನಾದಾಗ ರಾಜ್ಯಕ್ಕೆ ಏನಾಗುತ್ತದೆ? ಕೆಲವು ರಾಜ್ಯಗಳು ಆ ಹತ್ತು ಹನ್ನೆರಡು ವರ್ಷಗಳನ್ನು ದಾಟಿ ಇನ್ನಷ್ಟು ಬಲವಾಗಿ ನಿಂತವು, ಕೆಲವು ಅಷ್ಟರೊಳಗೆ ಕರಗಿಹೋದವು. ಈ ವ್ಯತ್ಯಾಸ ಎಲ್ಲಿಂದ ಬಂತು? ಕನ್ನಡ ನಾಡಿನ ಚರಿತ್ರೆಯಿಂದಲೇ ಉದಾಹರಣೆಗಳನ್ನು ಆಯ್ದು ಈ ಪ್ರಶ್ನೆಯನ್ನು ತಮ್ಮ ಮುಂದೆ ಇಡುತ್ತೇನೆ.

ಪಟ್ಟ ಬೇರೆ, ಆಳ್ವಿಕೆ ಬೇರೆ

ನಮ್ಮ ಪ್ರಾಚೀನ ರಾಜನೀತಿ ರಾಜ್ಯಕ್ಕೆ ಏಳು ಅಂಗಗಳನ್ನು ಹೇಳುತ್ತದೆ: ಸ್ವಾಮಿ, ಅಮಾತ್ಯ, ಜನಪದ, ದುರ್ಗ, ಕೋಶ, ದಂಡ, ಮಿತ್ರ. ಸ್ವಾಮಿ ಮಗುವಾದಾಗ ಉಳಿದ ಆರು ಅಂಗಗಳು ನಿಂತುಹೋಗುವುದಿಲ್ಲ. ಕೋಟೆಗೆ ಕಾವಲು ಬೇಕು, ಬೊಕ್ಕಸಕ್ಕೆ ಕಂದಾಯ ಬರಬೇಕು, ಸೈನ್ಯಕ್ಕೆ ಸಂಬಳ ಹೋಗಬೇಕು, ನೆರೆಯ ರಾಜನಿಗೆ ಉತ್ತರ ಬರೆಯಬೇಕು. ಇವೆಲ್ಲ ಯಾರದೋ ಕೈಗೆ ಸೇರಲೇಬೇಕು. ಪಟ್ಟ ಮಗುವಿನಲ್ಲಿ ಉಳಿದು, ಆಳ್ವಿಕೆ ಮತ್ತೊಬ್ಬರಿಗೆ ಹೋಗುತ್ತದೆ.

ಹಾಗಿದ್ದರೆ ಮಗುವನ್ನು ಪಟ್ಟದಲ್ಲಿ ಕೂರಿಸುವುದೇಕೆ? ಬಲಶಾಲಿಯಾದ ಮತ್ತೊಬ್ಬನೇ ರಾಜನಾಗಬಹುದಲ್ಲ? ಇದಕ್ಕೆ ಉತ್ತರ ದರ್ಬಾರಿನ ಒಳಗಿದೆ. ಸರಿಸಮಾನರಾದ ನಾಲ್ಕು ಜನ ಸರದಾರರಲ್ಲಿ ಒಬ್ಬ ಸಿಂಹಾಸನ ಏರಿದರೆ ಉಳಿದ ಮೂವರು ಕತ್ತಿ ಹಿರಿಯುತ್ತಾರೆ. ಸತ್ತ ರಾಜನ ಮಗುವಿಗೆ ಮಾತ್ರ ನಾಲ್ವರೂ ತಲೆಬಾಗುತ್ತಾರೆ. ಆದ್ದರಿಂದ ಬಾಲರಾಜನ ಪಟ್ಟವೆಂದರೆ ಪರಸ್ಪರ ನಂಬದವರು ಮಾಡಿಕೊಂಡ ಒಂದು ಒಪ್ಪಂದ. ಆ ಒಪ್ಪಂದದ ಹೊಟ್ಟೆಯಲ್ಲೇ ಒಂದು ವಿಷವೂ ಇದೆ. ಮಗು ಬೆಳೆದ ದಿನ ಪಾಲಕನ ಅಧಿಕಾರ ಮುಗಿಯುತ್ತದೆ. ಮಗುವನ್ನು ಬೆಳೆಸಬೇಕಾದವನಿಗೇ ಮಗು ಬೆಳೆಯುವುದು ನಷ್ಟ. ಪಾಲಕತನದ ಎಲ್ಲ ತೊಡಕುಗಳ ಬೇರು ಇಲ್ಲಿದೆ ಎಂದು ನನ್ನ ತಿಳಿವಳಿಕೆ.

ಕೌಟಿಲ್ಯ ಇದನ್ನು ಬಹಳ ಹಿಂದೆಯೇ ಕಂಡಿದ್ದ. ರಾಜ ಸತ್ತ ಸಂದರ್ಭದಲ್ಲಿ ಅಮಾತ್ಯನೇ ರಾಜ್ಯವನ್ನು ಕೈಗೆ ತೆಗೆದುಕೊಳ್ಳಲಿ ಎಂಬ ಭಾರದ್ವಾಜರ ಮತವನ್ನು ಅವನು ಎತ್ತಿಕೊಂಡು, ಅದು ಅಧರ್ಮವೆಂದೂ ಜನರ ರೊಚ್ಚಿಗೆ ಕಾರಣವಾಗುತ್ತದೆಂದೂ ತಳ್ಳಿಹಾಕುತ್ತಾನೆ. ರಾಜಕುಮಾರನನ್ನೇ ಮುಂದಿಟ್ಟುಕೊಂಡು ಅಮಾತ್ಯ ರಾಜ್ಯಭಾರ ನಡೆಸಬೇಕು, ಅವನಿಗೆ ವಿದ್ಯೆ ಕಲಿಸಬೇಕು, ಅವನು ಪ್ರಾಯಕ್ಕೆ ಬಂದ ಮೇಲೆ ತನಗೆ ವಿಶ್ರಾಂತಿ ಬೇಕೆಂದು ಕೇಳಬೇಕು ಎಂಬುದು ಅವನ ನಿಲುವು. ಕಲಿಸುವುದು, ಆಮೇಲೆ ಬಿಡುವುದು: ಇವೆರಡನ್ನೂ ಒಂದೇ ಕರ್ತವ್ಯದ ಎರಡು ಭಾಗಗಳಾಗಿ ಅವನು ಕಂಡದ್ದು ದೊಡ್ಡ ಮಾತು.

ನಮ್ಮ ಮನೆಮಾತಿನಲ್ಲಿ ಇದಕ್ಕೆ ಒಪ್ಪುವ ಪದವಿದೆ, ಇಡುಗಂಟು. ಒಬ್ಬರು ನಂಬಿ ಇಟ್ಟದ್ದನ್ನು ಇನ್ನೊಬ್ಬರು ಕಾಯ್ದು ಹಿಂದಿರುಗಿಸುವುದು. ದತ್ತಿಯೂ ಹಾಗೆಯೇ. ಮೂಲಧನವನ್ನು ಮುಟ್ಟುವಂತಿಲ್ಲ, ಅದರ ಬಡ್ಡಿಯಲ್ಲಿ ಉದ್ದೇಶಿಸಿದ ಕಾರ್ಯ ನಡೆಯಬೇಕು, ವರ್ಷ ವರ್ಷ ಲೆಕ್ಕ ಒಪ್ಪಿಸಬೇಕು. ಬಾಲರಾಜನ ರಾಜ್ಯವನ್ನು ನಾನು ಇಡುಗಂಟಿನ ರಾಜ್ಯವೆಂದು ಕರೆಯುತ್ತೇನೆ. ಅದರ ಪಾಲಕರನ್ನು ಅಳೆಯಲು ನಾಲ್ಕು ಪ್ರಶ್ನೆಗಳು ಸಾಕು. ರಾಜಮುದ್ರೆ ಯಾರ ಕೈಯಲ್ಲಿತ್ತು? ಸೈನ್ಯದ ಸಂಬಳ ಎಲ್ಲಿಂದ ಹೋಗುತ್ತಿತ್ತು? ಮಗುವಿಗೆ ಯಾರು, ಏನು ಕಲಿಸಿದರು? ಗಂಟನ್ನು ಹಿಂದಿರುಗಿಸುವ ದಿನ ಗೊತ್ತುಪಡಿಸಿತ್ತೇ?

ಚಿಕ್ಕಪ್ಪನ ಆಸೆ, ದಾಯಾದಿಯ ನಿಷ್ಠೆ

ಬಾದಾಮಿಯ ಚಾಲುಕ್ಯ ಕೀರ್ತಿವರ್ಮ ತೀರಿಕೊಂಡಾಗ ಮಗ ಪುಲಕೇಶಿ ಇನ್ನೂ ಚಿಕ್ಕವನು. ತಮ್ಮನಾದ ಮಂಗಳೇಶ ಆಡಳಿತ ವಹಿಸಿಕೊಂಡ. ಸಮರ್ಥ, ಯುದ್ಧದಲ್ಲಿ ಗೆದ್ದವ, ರಾಜ್ಯವನ್ನು ಹಿಗ್ಗಿಸಿದವ. ಮುದ್ರೆಯ ವಿಷಯದಲ್ಲಾಗಲಿ ಸೈನ್ಯದ ವಿಷಯದಲ್ಲಾಗಲಿ ಅವನಲ್ಲಿ ಕೊರತೆಯಿರಲಿಲ್ಲ. ಎಡವಿದ್ದು ನಾಲ್ಕನೆಯ ಪ್ರಶ್ನೆಯಲ್ಲಿ. ರಾಜ್ಯವನ್ನು ಅಣ್ಣನ ಮಗನಿಗೆ ಒಪ್ಪಿಸುವ ಬದಲು ತನ್ನ ಮಗನಿಗೆ ಉಳಿಸಲು ಹೊರಟು, ಆ ಪ್ರಯತ್ನದಲ್ಲಿ ರಾಜ್ಯವನ್ನೂ ಪ್ರಾಣವನ್ನೂ ಕಳೆದುಕೊಂಡನೆಂದು 634ರ ಐಹೊಳೆ ಶಾಸನ ತಿಳಿಸುತ್ತದೆ. ಇಮ್ಮಡಿ ಪುಲಕೇಶಿಗೆ ಪಟ್ಟದ ಜೊತೆ ದಕ್ಕಿದ್ದು ಒಡೆದ ರಾಜ್ಯ. ಸಾಮಂತರೂ ನೆರೆಯವರೂ ತಲೆಯೆತ್ತಿದ್ದರು. ಗಂಟನ್ನು ಚೆನ್ನಾಗಿ ಕಾಯ್ದವನು ಅದನ್ನು ಕೊಡಲೊಪ್ಪದಿದ್ದರೆ ಕಾಯ್ದದ್ದೂ ವ್ಯರ್ಥವಾಗುತ್ತದೆ.

ಇದಕ್ಕೆ ಎದುರಾದ ಉದಾಹರಣೆ ಎರಡು ಶತಮಾನಗಳ ನಂತರದ್ದು. 814ರಲ್ಲಿ ರಾಷ್ಟ್ರಕೂಟ ಮುಮ್ಮಡಿ ಗೋವಿಂದ ತೀರಿಕೊಂಡಾಗ ಅಮೋಘವರ್ಷನಿಗೆ ಸುಮಾರು 14 ವರ್ಷ. ಗುಜರಾತಿನ ಶಾಖೆಯ ದಾಯಾದಿ ಕರ್ಕ ಸುವರ್ಣವರ್ಷ ಅವನ ಬೆಂಬಲಕ್ಕೆ ನಿಂತ. ಸಾಮಂತರೂ ಬಂಧುಗಳೂ ದಂಗೆಯೆದ್ದು ಹುಡುಗನ ಪಟ್ಟವೇ ಅಲುಗಾಡಿತು. 821ರ ಹೊತ್ತಿಗೆ ಕರ್ಕ ದಂಗೆಯನ್ನು ಅಡಗಿಸಿ ಅವನನ್ನು ಮರಳಿ ಸಿಂಹಾಸನದಲ್ಲಿ ನೆಲೆಗೊಳಿಸಿದ್ದ. ಸೈನ್ಯ ಕರ್ಕನದು, ಗೆಲುವು ಕರ್ಕನದು, ರಕ್ತವೂ ಅದೇ ವಂಶದ್ದು. ಸಿಂಹಾಸನಕ್ಕೂ ಅವನಿಗೂ ನಡುವೆ ಇದ್ದದ್ದು ಒಬ್ಬ ಹುಡುಗ ಮಾತ್ರ. ಆದರೂ ಅವನು ತನ್ನ ಸೀಮೆಯ ಒಡೆಯನಾಗಿಯೇ ಉಳಿದ. ಆ ಹುಡುಗ ಆರು ದಶಕಗಳಿಗೂ ಹೆಚ್ಚು ಕಾಲ ಆಳಿದ. ಅವನ ಆಸ್ಥಾನದಲ್ಲಿ ಕವಿರಾಜಮಾರ್ಗ ರಚನೆಯಾಯಿತು. ಕನ್ನಡದ ಮೊದಲ ಉಪಲಬ್ಧ ಗ್ರಂಥದ ಹಿಂದೆ ಒಬ್ಬ ದಾಯಾದಿಯ ನಿಷ್ಠೆಯೂ ಇದೆ. ಕನ್ನಡ ಸಾಹಿತ್ಯ ಚರಿತ್ರೆ ಓದುವಾಗ ಕರ್ಕನ ಹೆಸರನ್ನೂ ಗೌರವದಿಂದ ನೆನೆಯಬೇಕು.

ಆದರೆ ಒಬ್ಬ ವ್ಯಕ್ತಿಯ ಒಳ್ಳೆಯತನದ ಮೇಲೆ ರಾಜ್ಯ ನಿಲ್ಲಬಾರದು. ಈ ಬಾರಿ ಕರ್ಕ ಸಿಕ್ಕ, ಮುಂದಿನ ಬಾರಿ ಮಂಗಳೇಶ ಸಿಗಬಹುದು. ಹಾಗಾದರೆ ವ್ಯವಸ್ಥೆ ಏನಿರಬೇಕು? ಮುಂದಿನ ಚರಿತ್ರೆಯನ್ನು ಈ ಕಣ್ಣಿನಿಂದ ನೋಡೋಣ.

ವಿಜಯನಗರದ ಮೂರು ಪಾಠಗಳು

1491ರಲ್ಲಿ ಸಾಳುವ ನರಸಿಂಹ ತನ್ನ ಇಬ್ಬರು ಚಿಕ್ಕ ಮಕ್ಕಳನ್ನು ನಂಬಿಕೆಯ ದಳಪತಿ ತುಳುವ ನರಸ ನಾಯಕನಿಗೆ ಒಪ್ಪಿಸಿ ಕಣ್ಣು ಮುಚ್ಚಿದ. ಹಿರಿಯ ಮಗ ಬೇಗನೆ ಕೊಲೆಯಾದ. ಕಿರಿಯವನಾದ ಇಮ್ಮಡಿ ನರಸಿಂಹ ಪಟ್ಟಕ್ಕೆ ಬಂದು ಪೆನುಗೊಂಡೆಯಲ್ಲಿ ಕಾವಲಿನಲ್ಲಿ ಬೆಳೆದ. ನರಸ ನಾಯಕ ಸಾಮ್ರಾಜ್ಯವನ್ನು ದಕ್ಷತೆಯಿಂದಲೇ ಆಳಿದ. 1503ರಲ್ಲಿ ಅವನು ಸತ್ತಾಗ ಇಮ್ಮಡಿ ನರಸಿಂಹ ಮಗುವಾಗಿ ಉಳಿದಿರಲಿಲ್ಲ. ಆದರೂ ಪಾಲಕತನ ಮುಗಿಯಲಿಲ್ಲ, ಅದು ನರಸನ ಮಗ ವೀರನರಸಿಂಹನಿಗೆ ಆಸ್ತಿಯಂತೆ ಇಳಿದುಬಂತು. 1505ರಲ್ಲಿ ಇಮ್ಮಡಿ ನರಸಿಂಹನ ಕೊಲೆಯಾಗಿ ತುಳುವ ವಂಶ ಸಿಂಹಾಸನ ಏರಿತು. ಪಾಲಕತನ ಅಪ್ಪನಿಂದ ಮಗನಿಗೆ ಹೋದ ದಿನವೇ ಅದು ಪಾಲಕತನವಾಗಿ ಉಳಿಯಲಿಲ್ಲ. ಇದು ಮೊದಲ ಪಾಠ.

ಎರಡನೆಯದು ಕೃಷ್ಣದೇವರಾಯನದು. ತಾನು ಬದುಕಿದ್ದಾಗಲೇ 1524ರಲ್ಲಿ ಅವನು 6 ವರ್ಷದ ಮಗ ತಿರುಮಲನಿಗೆ ಪಟ್ಟ ಕಟ್ಟಿದ. ಹುಡುಗ ತಿಂಗಳುಗಳಲ್ಲೇ ಸತ್ತ. ವಿಷಪ್ರಾಶನದ ಸಂಶಯದಲ್ಲಿ ಮಹಾಮಂತ್ರಿ ತಿಮ್ಮರಸುವಿನ ಕಣ್ಣು ಕೀಳಿಸಿದನೆಂದು ಪೋರ್ಚುಗೀಸ್ ಬರಹಗಾರ ನೂನಿಜ್ ಹೇಳುತ್ತಾನೆ. 1529ರಲ್ಲಿ ತನ್ನ ಸಾವು ಹತ್ತಿರವಾದಾಗ ರಾಯನಿಗೆ 18 ತಿಂಗಳ ಇನ್ನೊಬ್ಬ ಮಗನಿದ್ದ. ಅವನನ್ನು ಬಿಟ್ಟು, ಚಂದ್ರಗಿರಿಯಲ್ಲಿ ಸೆರೆಯಲ್ಲಿದ್ದ ತಮ್ಮ ಅಚ್ಯುತರಾಯನನ್ನು ಉತ್ತರಾಧಿಕಾರಿಯಾಗಿ ಆರಿಸಿದ. ತನ್ನ ಮನೆಯ ಚರಿತ್ರೆಯನ್ನು ಬಲ್ಲವನು ಅವನು. ಬಾಲರಾಜನಾಗಿ ಪಟ್ಟಕ್ಕೆ ಬಂದವನ ಕೊಲೆಯ ಮೇಲೆ ನಿಂತ ವಂಶದ ರಾಜ ತನ್ನ ಮಗುವನ್ನು ಆ ಪೀಠದಿಂದ ದೂರವಿಟ್ಟ.

ಮೂರನೆಯದು ಈ ಸೀಮೆಯನ್ನೇ ಸುಟ್ಟ ಪ್ರಸಂಗ. 1542ರಲ್ಲಿ ಅಚ್ಯುತರಾಯ ಸತ್ತಾಗ ಅವನ ಚಿಕ್ಕ ಮಗ ವೆಂಕಟನನ್ನು ಪಟ್ಟದಲ್ಲಿ ಕೂರಿಸಿ ಸೋದರಮಾವ ಸಲಕರಾಜು ಚಿನ್ನ ತಿರುಮಲ ಆಡಳಿತ ಹಿಡಿದ. ಮಗುವಿನ ತಾಯಿ ವರದಾಂಬಿಕೆ ಒಡಹುಟ್ಟಿದವನನ್ನೇ ನಂಬಲಾರದೆ ಬಿಜಾಪುರದ ಸುಲ್ತಾನನ ನೆರವು ಬೇಡಿದಳು. ತಾಯಿಯೊಬ್ಬಳು ಮಗನನ್ನು ಉಳಿಸಲು ತವರಿನವನ ವಿರುದ್ಧ ಶತ್ರುವಿನ ಬಾಗಿಲು ತಟ್ಟಬೇಕಾಯಿತೆಂದರೆ, ಆ ರಾಜ್ಯದಲ್ಲಿ ದೂರು ಕೇಳುವ ಪೀಠವೊಂದೂ ಉಳಿದಿರಲಿಲ್ಲವೆಂದೇ ಅರ್ಥ. ಚಿನ್ನ ತಿರುಮಲ ಮಗುವನ್ನು ಕೊಲ್ಲಿಸಿ ತಾನೇ ಕಿರೀಟ ಧರಿಸಿದ. ಕೃಷ್ಣದೇವರಾಯನ ಅಳಿಯ ರಾಮರಾಯ ಗುತ್ತಿಯಲ್ಲಿದ್ದ ರಾಜಮನೆತನದ ಸದಾಶಿವನನ್ನು ರಾಜನೆಂದು ಸಾರಿ ಚಿನ್ನ ತಿರುಮಲನ ಮೇಲೆ ಬಿದ್ದ. ಪೆನುಗೊಂಡೆಯಿಂದ ತುಂಗಭದ್ರೆಯವರೆಗೆ ಕಾದಾಟ ನಡೆಯಿತು, ಆದವಾನಿ ಸೀಮೆ ಆ ದಾರಿಯಲ್ಲೇ ಇತ್ತು. ಗೆದ್ದ ರಾಮರಾಯನೂ ಸದಾಶಿವನಿಗೆ ರಾಜ್ಯ ಬಿಟ್ಟುಕೊಡಲಿಲ್ಲ. ಬೆಳೆದ ರಾಜನನ್ನೇ ಮಗುವಿನಂತೆ ಇರಿಸಿಕೊಂಡು 1565ರ ರಕ್ಕಸ ತಂಗಡಿ ಯುದ್ಧದ ತನಕ ಅವನೇ ಆಳಿದ. ಪಾಲಕತನ ಒಂದು ರಾಜ್ಯಕ್ಕೆ ಚಾಳಿಯಾಗಿಬಿಟ್ಟರೆ, ರಾಜನ ವಯಸ್ಸು ಲೆಕ್ಕಕ್ಕೇ ಬರುವುದಿಲ್ಲ.

ಮುದ್ರೆ ಹಿಡಿದ ಕೈ

1568ರಲ್ಲಿ ಆದವಾನಿ ಕೋಟೆ ಬಿಜಾಪುರದ ವಶವಾಯಿತು. ಅಂದಿನಿಂದ ನಮ್ಮ ಸೀಮೆಯ ರೈತರು ಕಂದಾಯ ಕಟ್ಟಿದ್ದು ಆದಿಲ್‌ಷಾಹಿ ದರ್ಬಾರಿಗೆ. ಹನ್ನೆರಡು ವರ್ಷಗಳಲ್ಲಿ ಆ ದರ್ಬಾರಿನಲ್ಲೂ ಬಾಲರಾಜ ಬಂದ. 1580ರಲ್ಲಿ ಮೊದಲನೇ ಅಲಿ ಆದಿಲ್‌ಷಾ ಕೊಲೆಯಾಗಿ, ತಮ್ಮನ ಮಗ ಇಬ್ರಾಹಿಂ 9ನೇ ವಯಸ್ಸಿಗೆ ಸುಲ್ತಾನನಾದ. ಅಲಿಯ ವಿಧವೆ ಚಾಂದ್ ಬೀಬಿ ಹುಡುಗನ ವಿದ್ಯಾಭ್ಯಾಸ ನೋಡಿಕೊಂಡಳು, ಆಡಳಿತ ಕಾಮಿಲ್ ಖಾನನದಾಯಿತು.

ಬಿಜಾಪುರದ ಆಶ್ರಯದಲ್ಲೇ ಚರಿತ್ರೆ ಬರೆದ ಫೆರಿಸ್ತಾ ಈ ವರ್ಷಗಳನ್ನು ವಿವರವಾಗಿ ದಾಖಲಿಸಿದ್ದಾನೆ. ಕಾಮಿಲ್ ಖಾನ್ ರಾಣಿಗೆ ಅಗೌರವ ತೋರಿದಾಗ ಅವಳು ಕಿಶ್ವರ್ ಖಾನನ ಕೈಯಿಂದ ಅವನನ್ನು ಕೆಡವಿದಳು. ಅಧಿಕಾರ ಸಿಕ್ಕ ಕಿಶ್ವರ್ ಖಾನ್ ಇನ್ನೂ ಮುಂದೆ ಹೋದ. ಬಂಕಾಪುರದಲ್ಲಿದ್ದ ಹಿರಿಯ ಸರದಾರ ಮುಸ್ತಫಾ ಖಾನನನ್ನು ಸುಲ್ತಾನನ ಮುದ್ರೆಯೊತ್ತಿದ ಫರ್ಮಾನು ಕಳಿಸಿ ಕೊಲ್ಲಿಸಿದ. 9 ವರ್ಷದ ಹುಡುಗನಿಗೆ ತನ್ನ ಹೆಸರಿನಲ್ಲಿ ಒಂದು ತಲೆ ಉರುಳಿತೆಂಬುದು ತಿಳಿದಿತ್ತೋ ಇಲ್ಲವೋ. ಬಾಲರಾಜ್ಯದ ಅತಿ ದೊಡ್ಡ ಆಪತ್ತು ಇಲ್ಲಿದೆ. ಆಜ್ಞೆ ರಾಜನದು ಎಂದಾಗ ಯಾರೂ ಪ್ರಶ್ನಿಸುವಂತಿಲ್ಲ. ಆಜ್ಞೆ ಮಾಡಿದವನು ಬೇರೆ ಎಂದಾಗ ಹೊಣೆ ಹೊರುವವರೂ ಇಲ್ಲ. ಪ್ರಶ್ನೆಗೆ ಸಿಗದ ಅಧಿಕಾರ ಇದರಿಂದ ಹುಟ್ಟುತ್ತದೆ.

ಚಾಂದ್ ಬೀಬಿಯನ್ನು ಸತಾರೆಯ ಕೋಟೆಗೆ ಸೆರೆಗೆ ಕಳಿಸಲಾಯಿತು. ಹಬಶಿ ಸರದಾರ ಇಖ್ಲಾಸ್ ಖಾನನ ಪಕ್ಷ ಕಿಶ್ವರ್ ಖಾನನನ್ನು ಓಡಿಸಿ ಅವಳನ್ನು ಮರಳಿ ಕರೆತಂದಿತು. ಒಳಜಗಳ ಕಂಡು ಅಹ್ಮದನಗರ, ಗೋಲ್ಕೊಂಡದ ಸೈನ್ಯಗಳು ಬಿಜಾಪುರವನ್ನು ಮುತ್ತಿದವು. ಕೊನೆಗೆ ದಿಲಾವರ್ ಖಾನ್ ಎದುರಾಳಿಗಳ ಕಣ್ಣು ಕೀಳಿಸಿ 1582ರಿಂದ 1590ರವರೆಗೆ ಏಕೈಕ ಯಜಮಾನನಾದ. ಹತ್ತು ವರ್ಷದಲ್ಲಿ ನಾಲ್ಕು ಪಾಲಕರು. ಅವರಲ್ಲಿ ಯಾರೂ ತಾವಾಗಿ ಅಧಿಕಾರ ಬಿಡಲಿಲ್ಲ, 1590ರಲ್ಲಿ ಯುವಕನಾದ ಇಬ್ರಾಹಿಂ ತಾನೇ ದಿಲಾವರನನ್ನು ಹೊರಹಾಕಬೇಕಾಯಿತು.

ಆದರೂ ಆ ರಾಜ್ಯ ಉಳಿಯಿತು. ಇಬ್ರಾಹಿಂ ಮುಂದೆ ಸಂಗೀತ, ಸಾಹಿತ್ಯಗಳಿಗೆ ಹೆಸರಾದ ಸುಲ್ತಾನನಾಗಿ 1627ರವರೆಗೆ ಆಳಿದ. ಉಳಿಯಲು ಕಾರಣಗಳಿವೆ. ಹುಡುಗನ ಬೆಳವಣಿಗೆಯ ಮೇಲೆ ಕಣ್ಣಿಟ್ಟ, ತನಗಾಗಿ ಸಿಂಹಾಸನ ಬಯಸದ ಒಬ್ಬ ಹಿರಿಯಳು ಮನೆಯೊಳಗೆ ಇದ್ದಳು. ಸರದಾರರು ಒಬ್ಬರನ್ನೊಬ್ಬರು ಕೆಡವಿದರೂ ಬೊಕ್ಕಸದ ಬೇರು ಒಣಗಿರಲಿಲ್ಲ, ಪ್ರಾಂತಗಳು ಕೈಬಿಟ್ಟಿರಲಿಲ್ಲ. ಇದಕ್ಕೂ ಹಿಂದೆ ಬಹಮನಿ ರಾಜ್ಯದಲ್ಲಿ 1461ರಲ್ಲಿ 8 ವರ್ಷದ ನಿಜಾಮ್ ಷಾ ಪಟ್ಟಕ್ಕೆ ಬಂದಾಗ ರಾಜಮಾತೆ ಮಖ್ದೂಮಾ ಜಹಾನ್, ಖ್ವಾಜಾ ಜಹಾನ್, ಮಹಮೂದ್ ಗವಾನ್ ಮೂವರೂ ಸೇರಿ ಆಡಳಿತ ನಡೆಸಿದ್ದರು. ಆ ಮೂವರ ಹೊಂದಾಣಿಕೆಯೂ ಕೊನೆಗೆ ರಕ್ತದಲ್ಲೇ ಮುರಿಯಿತು. ಆದರೂ ರಾಜ್ಯ ನಿಂತಿತು, ಮುಂದಿನ ಬಾಲಸುಲ್ತಾನ ಬೆಳೆದಾಗ ರಾಜಮಾತೆ ಹಿಂದೆ ಸರಿದಳು. ಒಬ್ಬನ ಕೈಗಿಂತ ಮೂವರ ಕೈ ಮೇಲು, ಮೂವರಲ್ಲಿ ಒಬ್ಬರು ಮಗುವಿನ ಹಿತವನ್ನೇ ತನ್ನ ಹಿತವೆಂದು ಬಗೆಯುವವರಾದರೆ ಇನ್ನೂ ಮೇಲು.

ಆದವಾನಿಯ ಒಡೆಯನ ಕಷ್ಟ

ಈಗ ಸಿಕಂದರನ ಕಥೆಗೆ ಬರೋಣ. 1672ರ ನವೆಂಬರಿನಲ್ಲಿ ಎರಡನೇ ಅಲಿ ಸತ್ತಾಗ ದರ್ಬಾರಿನಲ್ಲಿ ದಖ್ಖನಿ, ಹಬಶಿ, ಅಫ್ಘಾನ್ ಎಂಬ ಪಕ್ಷಗಳಿದ್ದವು. ಹಬಶಿ ಸರದಾರ ಖವಾಸ್ ಖಾನ್ ಮಗುವನ್ನೂ ರಾಜಧಾನಿಯನ್ನೂ ಹಿಡಿದುಕೊಂಡ. ಉಳಿದವರಿಗೆ ಸಲ್ಲಬೇಕಾದ ಪಾಲು ಸಲ್ಲಲಿಲ್ಲ. ಮೂರು ವರ್ಷ ಕಳೆದ ಮೇಲೆ, 1675ರ ನವೆಂಬರಿನಲ್ಲಿ, ಅಫ್ಘಾನ್ ಸರದಾರ ಬಹಲೋಲ್ ಖಾನ್ ಅವನನ್ನು ಸೆರೆಹಿಡಿದು ಮುಂದೆ ಕೊಲ್ಲಿಸಿದ. ದಖ್ಖನಿಗಳಿಗೂ ಅಫ್ಘಾನರಿಗೂ ಬೀದಿಯಲ್ಲೇ ಯುದ್ಧ ಶುರುವಾಯಿತು. ಇತ್ತ 1673ರಲ್ಲೇ ಪನ್ಹಾಳ ಶಿವಾಜಿಯ ಕೈಸೇರಿತ್ತು, ಅತ್ತ ಮೊಗಲರು ಭೀಮಾ ದಾಟಿ ಬರುತ್ತಿದ್ದರು. 1677ರಲ್ಲಿ ದಕ್ಷಿಣದ ಜಿಂಜಿ, ವೆಲ್ಲೂರು ಸೀಮೆಯೂ ಕೈತಪ್ಪುವ ಸ್ಥಿತಿಗೆ ಬಂತು. ಅದೇ ವರ್ಷದ ಕೊನೆಗೆ ಬಹಲೋಲ್ ಖಾನ್ ಸತ್ತ.

ಆಗ ರಾಜಧಾನಿಯ ಕೋಟೆ ಮತ್ತು 9 ವರ್ಷದ ಸುಲ್ತಾನ ಇದ್ದದ್ದು ಜಮ್‌ಶೇದ್ ಖಾನನೆಂಬ ಕಿಲ್ಲೇದಾರನ ಕೈಯಲ್ಲಿ. ಇವೆರಡನ್ನೂ 6 ಲಕ್ಷ ಹೊನ್ನಿಗೆ ಮರಾಠರಿಗೆ ಒಪ್ಪಿಸಲು ಅವನು ಮಾತುಕತೆ ನಡೆಸಿದ್ದನೆಂದು ಅಂದಿನ ಇಂಗ್ಲಿಷ್ ವರ್ತಕರ ಪತ್ರವೊಂದು ಹೇಳುತ್ತದೆ. ಅದೇ ಪತ್ರದ ಪ್ರಕಾರ ಸಿದ್ದಿ ಮಸೂದ್ ತಾನು ಸತ್ತೆನೆಂದು ಸುದ್ದಿ ಹಬ್ಬಿಸಿದ. ತನ್ನ ಶವವೆಂದು ಒಂದು ಪಲ್ಲಕ್ಕಿಯನ್ನು ಸೈನ್ಯದ ಒಂದು ಭಾಗದ ಜೊತೆ ಆದವಾನಿಗೆ ಸಾಗಿಸಿದ. ಒಡೆಯನಿಲ್ಲದ ನಾವು ನಿಮ್ಮ ಚಾಕರಿಗೆ ಸೇರುತ್ತೇವೆಂದು ಉಳಿದ ಸೈನ್ಯ ಜಮ್‌ಶೇದನನ್ನು ನಂಬಿಸಿ ಒಳಹೊಕ್ಕು ಕೋಟೆಯನ್ನು ಹಿಡಿಯಿತು. ರಾಜ್ಯವೊಂದರ ಸ್ವಾಮಿಗೆ ಬೆಲೆ ಕಟ್ಟಿ ಮಾರುವ ದಿನ ಬಂದಿತ್ತು, ಅದನ್ನು ತಡೆದವನು ಆದವಾನಿಯವನು ಎಂಬುದನ್ನು ನಾವು ಮರೆಯಬಾರದು.

1678ರ ಆರಂಭದಲ್ಲಿ ಮಸೂದ್ ಪಾಲಕನಾದ. ಕರ್ನೂಲಿನ ಸಿದ್ದಿ ಜೌಹರನ ಅಳಿಯ, ಸಿರಿವಂತ, ಆಡಳಿತ ಬಲ್ಲವ. ನಮ್ಮ ನಾಲ್ಕು ಪ್ರಶ್ನೆಗಳನ್ನು ಅವನಿಗೂ ಹಾಕೋಣ. ಮುದ್ರೆ ಅವನ ಕೈಯಲ್ಲಿತ್ತು, ಆದರೆ ಅದನ್ನು ಮನ್ನಿಸುವ ಪ್ರಾಂತಗಳು ಉಳಿದಿರಲಿಲ್ಲ. ಸಂಬಳದ ಪ್ರಶ್ನೆ ಅವನ ಕುತ್ತಿಗೆಯನ್ನೇ ಹಿಡಿದಿತ್ತು. ಅಫ್ಘಾನ್ ಸಿಪಾಯಿಗಳ ಬಾಕಿ ತೀರಿಸುವ ಮಾತಿನ ಮೇಲೆಯೇ ಅವನು ಅಧಿಕಾರಕ್ಕೆ ಬಂದದ್ದು. ಕಂದಾಯ ಬರುವ ಸೀಮೆಗಳು ಸರದಾರರ, ಮರಾಠರ, ಮೊಗಲರ ಪಾಲಾಗಿದ್ದಾಗ ಬಾಕಿ ತೀರಿಸುವುದು ಹೇಗೆ? ಸಂಬಳ ಸಿಗದ ಸಿಪಾಯಿಗಳು ಬಿಜಾಪುರದ ಮನೆಗಳಿಗೆ ನುಗ್ಗಿ ಸುಲಿದರು. ಮಗು ರಾಜನಾದಾಗ ಮೊದಲು ಹಸಿಯುವವನು ಸಿಪಾಯಿ, ಕೊನೆಗೆ ಹಸಿಯುವವನು ರೈತ. ನಡುವೆ ಇರುವವರೆಲ್ಲ ಇವರಿಬ್ಬರ ಹಸಿವಿನ ಮೇಲೆ ಚೌಕಾಸಿ ನಡೆಸುತ್ತಾರೆ.

1679ರಲ್ಲಿ ಮೊಗಲ್ ಸೇನಾಪತಿ ದಿಲೇರ್ ಖಾನ್ ರಾಜಧಾನಿಗೆ ಒತ್ತಿ ಬಂದಾಗ ಸುಲ್ತಾನನ ಅಕ್ಕ ಷಹರ್ ಬಾನು ಬೇಗಂ ಮೊಗಲ್ ಪಾಳೆಯಕ್ಕೆ ಹೋಗಲೊಪ್ಪಿದಳು. ತಾನು ಹೋದರೆ ತಮ್ಮನ ರಾಜ್ಯ ಉಳಿದೀತೆಂಬ ಆಸೆ. ಊರಿಗೆ ಊರೇ ಅವಳನ್ನು ಕಣ್ಣೀರಿನಿಂದ ಬೀಳ್ಕೊಟ್ಟಿತು. ಮುತ್ತಿಗೆ ಮಾತ್ರ ತಪ್ಪಲಿಲ್ಲ. ಮಸೂದ್ ಮರಾಠರ ನೆರವು ಪಡೆದು ಆ ಬಾರಿ ನಗರವನ್ನು ಉಳಿಸಿಕೊಂಡ. ಆದರೆ ಒಳಗಿನ ಪಕ್ಷಗಳನ್ನು ಒಂದು ಮಾಡಲು ಅವನಿಂದಾಗಲಿಲ್ಲ. 1683ರ ಕೊನೆಗೆ ಅಧಿಕಾರ ಬಿಟ್ಟು ಅವನು ಆದವಾನಿಗೆ ಹಿಂದಿರುಗಿದ.

ಇಲ್ಲಿ ಒಂದು ಸೂಕ್ಷ್ಮವಿದೆ. ಪಾಲಕ ತಾನಾಗಿ ಬಿಟ್ಟುಹೋದ ಉದಾಹರಣೆ ಬೇಕೆಂದು ನಾವು ಹುಡುಕುತ್ತಿದ್ದೆವು, ಮಸೂದ್ ಬಿಟ್ಟ. ಆದರೆ ಬಿಡುವುದು ಬೇರೆ, ಒಪ್ಪಿಸುವುದು ಬೇರೆ. ಒಪ್ಪಿಸಬೇಕಾದರೆ ಎದುರಿಗೆ ಕೈ ಚಾಚಿ ತೆಗೆದುಕೊಳ್ಳಬಲ್ಲವನು ಇರಬೇಕು. ಸಿಕಂದರನಿಗೆ ಆಗ 15 ವರ್ಷ. ಅವನ ಬಾಲ್ಯವೆಲ್ಲ ಒಬ್ಬ ಸರದಾರನ ಕೈಯಿಂದ ಮತ್ತೊಬ್ಬನ ಕೈಗೆ ದಾಟುವುದರಲ್ಲೇ ಕಳೆದಿತ್ತು, ರಾಜ್ಯಭಾರ ಕಲಿಸಲು ಯಾರಿಗೂ ಬಿಡುವಿರಲಿಲ್ಲ. 1685ರ ಏಪ್ರಿಲಿನಲ್ಲಿ ಮೊಗಲರ ಕೊನೆಯ ಮುತ್ತಿಗೆ ಶುರುವಾಗಿ, 1686ರ ಸೆಪ್ಟೆಂಬರ್ 12ರಂದು 18 ವರ್ಷದ ಸಿಕಂದರ್ ಔರಂಗಜೇಬನಿಗೆ ಶರಣಾದ. ಬೇರೆ ರಾಜಕುಮಾರರು ಅಧಿಕಾರ ವಹಿಸಿಕೊಳ್ಳುವ ವಯಸ್ಸಿನಲ್ಲಿ ಅವನು ಸೆರೆಗೆ ನಡೆದ. 1700ರಲ್ಲಿ ಸೆರೆಯಲ್ಲೇ ಸತ್ತ.

ಎರಡು ಬಾಲಸುಲ್ತಾನರನ್ನು ಪಕ್ಕಪಕ್ಕದಲ್ಲಿಟ್ಟರೆ ಒಂದು ಸಂಗತಿ ಕಾಣುತ್ತದೆ. ಒಂದೇ ಸಿಂಹಾಸನ, ಒಂದೇ ಬಗೆಯ ಪಕ್ಷಜಗಳ, ಒಂದೇ ಬಗೆಯ ಪಾಲಕರು. ಇಬ್ರಾಹಿಂ ಉಳಿದ, ಸಿಕಂದರ್ ಅಳಿದ. ಇಬ್ರಾಹಿಂನ ಪಾಲಕರು ಬಡ್ಡಿಗಾಗಿ ಹೊಡೆದಾಡಿದರು. ಸಿಕಂದರನ ಪಾಲಕರು ಮೂಲಧನವನ್ನೇ ಹಂಚಿಕೊಂಡರು.

ಮೈಸೂರಿನ ಎರಡು ಪಾಲಕತನಗಳು

1799ರಲ್ಲಿ ಟಿಪ್ಪು ಸುಲ್ತಾನನ ಪತನದ ನಂತರ ಇಂಗ್ಲಿಷರು ಮೈಸೂರನ್ನು ಒಡೆಯರ ಮನೆತನಕ್ಕೆ ಮರಳಿ ಕೊಟ್ಟರು. ಆ ವರ್ಷದ ಜೂನ್ 30ರಂದು ಪಟ್ಟವೇರಿದ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಇನ್ನೂ 5 ತುಂಬಿರಲಿಲ್ಲ. ಈ ವ್ಯವಸ್ಥೆ ಮಾಡಿದ ಮಂಡಳಿಯ ಇಬ್ಬರು ಕಾರ್ಯದರ್ಶಿಗಳಲ್ಲಿ ಒಬ್ಬ ಥಾಮಸ್ ಮನ್ರೋ. ಮರುವರ್ಷ ನಿಜಾಮನಿಂದ ಬಳ್ಳಾರಿ, ಆದವಾನಿ ಸೀಮೆ ಕಂಪನಿಗೆ ಸೇರಿದಾಗ ಪ್ರಧಾನ ಕಲೆಕ್ಟರನಾಗಿ ಇಲ್ಲಿಗೆ ಬಂದವನೂ ಅವನೇ. 

ಮೈಸೂರಿನಲ್ಲಿ ಮನೆಯ ಹಿರಿಯಳು ರಾಣಿ ಲಕ್ಷ್ಮಮ್ಮಣ್ಣಿ, ಆಡಳಿತದ ಹೊಣೆ ದಿವಾನ್ ಪೂರ್ಣಯ್ಯನವರದು. ಟಿಪ್ಪುವಿನ ಹಣಕಾಸಿನ ಮಂತ್ರಿಯಾಗಿದ್ದವರನ್ನೇ ಉಳಿಸಿಕೊಂಡದ್ದರಿಂದ ಲೆಕ್ಕದ ಎಳೆ ಕಡಿಯಲಿಲ್ಲ. ಕಂಪನಿಗೆ ವರ್ಷಕ್ಕೆ 7 ಲಕ್ಷ ವರಹದ ಪೊಗದಿಯ ಭಾರ ಹೊತ್ತೂ ಪೂರ್ಣಯ್ಯನವರು ಬೊಕ್ಕಸ ತುಂಬಿಸಿದರು, ಕೆರೆ ಕಾಲುವೆ ಸೇತುವೆಗಳಿಗೆ ಹಣ ತೆಗೆದಿಟ್ಟರು. ಮುದ್ರೆ ಮತ್ತು ಸಂಬಳದ ಪ್ರಶ್ನೆಗಳಲ್ಲಿ ಅವರಿಗೆ ಪೂರ್ಣ ಅಂಕ ಕೊಡಬಹುದು. ಆದರೆ ಬೆಳೆಯುವ ರಾಜನನ್ನು ಆಡಳಿತದ ಪಕ್ಕದಲ್ಲಿ ಕೂರಿಸಿ ಕಲಿಸುವ ಕೆಲಸ ಅಷ್ಟಾಗಿ ನಡೆಯಲಿಲ್ಲ. 1811ರ ಹೊತ್ತಿಗೆ ಅಧಿಕಾರ 16, 17ರ ಅರಸರ ಕೈಗೆ ಬಂದದ್ದೂ ಕಹಿಯ ನಡುವೆ. ಮರುವರ್ಷ ಪೂರ್ಣಯ್ಯನವರು ತೀರಿಕೊಂಡರು. ತುಂಬಿದ ಬೊಕ್ಕಸ ಎರಡು ದಶಕಗಳಲ್ಲಿ ಬರಿದಾಗಿ, ನಗರ ಸೀಮೆಯಲ್ಲಿ ರೈತರ ದಂಗೆಯೆದ್ದು, 1831ರಲ್ಲಿ ಇಂಗ್ಲಿಷರು ಆಡಳಿತ ಕಿತ್ತುಕೊಂಡರು. ಮುಮ್ಮಡಿಯವರು ವಿದ್ಯಾವಂತರು, ಕನ್ನಡಕ್ಕೆ ಆಶ್ರಯ ಕೊಟ್ಟವರು. ತಪ್ಪೆಲ್ಲ ಅವರದೇ ಎನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ. ಹಣ ಕಾಯ್ದಷ್ಟೇ ಆಸ್ಥೆಯಿಂದ ಮಗುವನ್ನು ತಯಾರು ಮಾಡದಿದ್ದರೆ, ಕಾಯ್ದ ಹಣ ಕಾಯಲು ಬಾರದವನ ಕೈ ಸೇರುತ್ತದೆ.

ಈ ಪಾಠ ವ್ಯರ್ಥವಾಗಲಿಲ್ಲ. 1868ರಲ್ಲಿ 5 ವರ್ಷದ ಚಾಮರಾಜ ಒಡೆಯರು ಉತ್ತರಾಧಿಕಾರಿಯಾದಾಗ ಶಿಕ್ಷಣಕ್ಕೆ ಪ್ರತ್ಯೇಕ ವ್ಯವಸ್ಥೆಯಾಯಿತು. ಅವರು 18 ತುಂಬಿದ ಮೇಲೆ, 1881ರ ಮಾರ್ಚ್ 25ರಂದು, ರಾಜ್ಯ ಅವರ ಕೈಸೇರಿತು. ಅದೇ ವರ್ಷ ದಿವಾನ್ ರಂಗಾಚಾರ್ಲು ಪ್ರಜಾಪ್ರತಿನಿಧಿ ಸಭೆ ಆರಂಭಿಸಿದರು.

1894ರ ಡಿಸೆಂಬರಿನಲ್ಲಿ ಚಾಮರಾಜ ಒಡೆಯರು ಕಲ್ಕತ್ತೆಯಲ್ಲಿ ಅಕಾಲಿಕವಾಗಿ ತೀರಿಕೊಂಡಾಗ ನಾಲ್ವಡಿ ಕೃಷ್ಣರಾಜರಿಗೆ 10 ವರ್ಷ. ತಾಯಿ ವಾಣಿವಿಲಾಸ ಸನ್ನಿಧಾನದವರು ರೀಜೆಂಟ್ ಆದರು. 30 ತುಂಬದ ವಿಧವೆ, ಹೆಗಲ ಮೇಲೆ ಒಂದು ರಾಜ್ಯ. ದಿವಾನ್ ಶೇಷಾದ್ರಿ ಅಯ್ಯರ್ ಮತ್ತು ಮೂವರು ಸದಸ್ಯರ ಸಮಿತಿ ಅವರ ನೆರವಿಗಿತ್ತು. ಪ್ರಜಾಪ್ರತಿನಿಧಿ ಸಭೆ ವರ್ಷ ವರ್ಷ ಸೇರಿ ಆಡಳಿತದ ವರದಿ ಕೇಳುತ್ತಿತ್ತು. ಈ ಅವಧಿ ಸುಖದ್ದೇನೂ ಆಗಿರಲಿಲ್ಲ. 1897ರಲ್ಲಿ ಮೈಸೂರಿನ ಅರಮನೆ ಸುಟ್ಟಿತು, 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂತು. ಇಂಥ ಕಾಲದಲ್ಲೇ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ರೂಪುಗೊಂಡವು. ಮಾರಿಕಣಿವೆಯಲ್ಲಿ ವೇದಾವತಿಗೆ ಅಣೆಕಟ್ಟೆಯ ಕೆಲಸ ಆರಂಭವಾಯಿತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹರಿಯಿತು. ಆ ವೇದಾವತಿಯೇ ಹಗರಿಯೆಂಬ ಹೆಸರಿನಲ್ಲಿ ನಮ್ಮ ಕಡೆಗೆ ಬರುತ್ತದೆ. ಆ ನೀರು ಕಟ್ಟಿದ ಜಲಾಶಯಕ್ಕೆ ಇಂದಿಗೂ ಆ ತಾಯಿಯ ಹೆಸರಿದೆ.

1902ರ ಆಗಸ್ಟ್ 8ರಂದು, 18 ತುಂಬಿದ ಎರಡೇ ತಿಂಗಳಲ್ಲಿ, ನಾಲ್ವಡಿಯವರಿಗೆ ಪೂರ್ಣಾಧಿಕಾರ ಬಂತು. ಹುಡುಗ ಸಿದ್ಧನಾಗಿದ್ದ, ಲೆಕ್ಕ ಸಿದ್ಧವಾಗಿತ್ತು, ದಿನ ಮೊದಲೇ ಗೊತ್ತಿತ್ತು. ಕನ್ನಡ ನಾಡಿನ ಚರಿತ್ರೆಯಲ್ಲಿ ಇಡುಗಂಟು ಇಷ್ಟು ನಿರಾಳವಾಗಿ ಕೈ ಬದಲಾಯಿಸಿದ ಇನ್ನೊಂದು ಪ್ರಸಂಗವನ್ನು ನಾನು ಕಾಣೆ.

ಒಂದು ಆಕ್ಷೇಪ ಬರಬಹುದು. ಮೈಸೂರಿನ ಬೆನ್ನ ಹಿಂದೆ ಬ್ರಿಟಿಷ್ ಪರಮಾಧಿಕಾರವಿತ್ತು, ಹೊರಗಿನ ಮುತ್ತಿಗೆಯ ಭಯವಿರಲಿಲ್ಲ, ಸರದಾರರ ಸೈನ್ಯಗಳಿರಲಿಲ್ಲ. ಹಾಗಿದ್ದ ಮೇಲೆ ಮಸೂದನನ್ನೂ ವಾಣಿವಿಲಾಸರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವೇ? ಈ ಆಕ್ಷೇಪದಲ್ಲಿ ಹುರುಳಿದೆ. ಆದರೆ ಅದೇ ಪರಮಾಧಿಕಾರ 1811ರಲ್ಲೂ ಇತ್ತು, ಆಗ ಫಲ ಬೇರೆಯಾಯಿತು. ಹೊರಗಿನ ಶಾಂತಿಯಿಂದ ಅವಕಾಶ ಸಿಗುತ್ತದೆ ಅಷ್ಟೆ. ಆ ಅವಕಾಶದಲ್ಲಿ ಸಮಿತಿ, ಸಭೆ, ಶಿಕ್ಷಣ, ಗೊತ್ತಾದ ದಿನ ಇವನ್ನು ಕಟ್ಟಿಕೊಳ್ಳುವುದು ಮನುಷ್ಯರ ಕೆಲಸ.

ಉಪಸಂಹಾರ

ಬಂಧುಗಳೇ, ನಾನು ಹೇಳಬಯಸಿದ್ದು ಇಷ್ಟು. ರಾಜ ಮಗುವಾದದ್ದರಿಂದ ರಾಜ್ಯ ಕೆಡುವುದಿಲ್ಲ. ಇನ್ನೊಬ್ಬರ ಹೆಸರಿನಲ್ಲಿ ಆಳುವವನು ಯಾರಿಗೂ ಲೆಕ್ಕ ಕೊಡಬೇಕಿಲ್ಲ, ಯಾವ ದಿನವೂ ಬಿಟ್ಟುಕೊಡಬೇಕಿಲ್ಲ ಎಂದಾದಾಗ ಕೆಡುತ್ತದೆ. ಮಂಗಳೇಶನಿಗೆ ಸಾಮರ್ಥ್ಯವಿತ್ತು, ಮಸೂದನಿಗೆ ಧೈರ್ಯವಿತ್ತು, ಪೂರ್ಣಯ್ಯನವರಿಗೆ ದಕ್ಷತೆಯಿತ್ತು. ಇಡುಗಂಟನ್ನು ಕಾಯಲು ಇವು ಬೇಕು, ಇವಿಷ್ಟೇ ಸಾಲವು.

ಇಂದು ನಮಗೆ ರಾಜರಿಲ್ಲ. ಆದರೆ ದನಿಯೆತ್ತಲಾಗದ ವಾರಸುದಾರರು ಇದ್ದಾರೆ. ಮತದಾನದ ವಯಸ್ಸು ತುಂಬದ ಮಕ್ಕಳ ಪರವಾಗಿ ನಾವು ಕೆರೆಗಳನ್ನು, ಅಂತರ್ಜಲವನ್ನು, ಈ ಎರೆಭೂಮಿಯನ್ನು ಆಳುತ್ತಿದ್ದೇವೆ. 1953ರ ಅಕ್ಟೋಬರ್ 1ರಂದು ಆಲೂರು, ಆದವಾನಿ ತಾಲೂಕುಗಳು ಬಳ್ಳಾರಿ ಜಿಲ್ಲೆಯಿಂದ ಬೇರೆಯಾಗಿ ಆಂಧ್ರಕ್ಕೆ ಸೇರಿದವು. ಅಂದು ಹುಟ್ಟಿರದವರಿಗಾಗಿ ನಮ್ಮ ಹಿರಿಯರು ಮನೆಯಲ್ಲಿ, ಶಾಲೆಯಲ್ಲಿ, ಮಠ ಮಂದಿರಗಳಲ್ಲಿ ಕನ್ನಡವನ್ನು ಕಾಯ್ದರು. ತೆಲುಗಿನ ಜೊತೆ ಸ್ನೇಹದಿಂದಲೇ ಬಾಳುತ್ತ ಕಾಯ್ದರು. ನಾವು ಇಂದು ಇಲ್ಲಿ ಕನ್ನಡದಲ್ಲಿ ಮಾತಾಡುತ್ತಿರುವುದು ಆ ಇಡುಗಂಟಿನ ಬಡ್ಡಿ. ಮೂಲಧನವನ್ನು ಮುಂದಿನವರಿಗೆ ಕೊಡುವ ದಿನ ನಮಗೂ ಬರುತ್ತದೆ.

ಸಿದ್ದಿ ಮಸೂದ್ ಅಧಿಕಾರ ಬಿಟ್ಟು ಬಂದ ಮೇಲೆ ಐದು ವರ್ಷ ತನ್ನ ಆದವಾನಿ ಕೋಟೆಯಲ್ಲಿದ್ದ. ಮೊಗಲ್ ಸೇನಾಪತಿ ಫಿರೋಜ್ ಜಂಗ್ ಮುತ್ತಿದಾಗ ಕೋಟೆ ಸುಲಭಕ್ಕೆ ಬಗ್ಗಲಿಲ್ಲ. ಮಸೂದ್ ಪ್ರೀತಿಯಿಂದ ಕಟ್ಟಿಸಿದ ಜಾಮಿಯಾ ಮಸೀದಿಯ ಕಡೆಗೆ ಶತ್ರು ಫಿರಂಗಿ ತಿರುಗಿಸಿದಾಗ, ಅದು ಉಳಿಯಲೆಂದು ಅವನು 1688ರಲ್ಲಿ ಶರಣಾದನೆಂದು ಈ ಸೀಮೆಯಲ್ಲಿ ಹೇಳಿಕೆಯಿದೆ. ಮಸೀದಿ ಇಂದಿಗೂ ಆದವಾನಿಯಲ್ಲಿ ನಿಂತಿದೆ. ತನ್ನದೆಂದು ಕಟ್ಟಿದ್ದನ್ನು ಉಳಿಸಲು ಅವನು ಕೋಟೆಯನ್ನೇ ಕೊಟ್ಟ. ತನ್ನ ಕೈಗಿಟ್ಟ ಮಗುವಿನ ರಾಜ್ಯ ಅಷ್ಟರಲ್ಲಿ ಅಳಿದು ಎರಡು ವರ್ಷವಾಗಿತ್ತು.